ಮೊದಲ ಕರೆ ನನ್ನದಲ್ಲ

ನನ್ನ ಹೆಂಡತಿಯ ಪ್ರಕಾರ ನಾನು ಅರೆಗಿವುಡ. ಹೆಸರು ಹಿಡಿದು ಒಂದು ಸಲ ಕರೆದರೆ ಓಗೊಡುವುದಿಲ್ಲ, ಎರಡನೆಯ ಸಲಕ್ಕೆ ಏಳುತ್ತೇನೆ. ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ ಏನೂ ತೊಂದರೆಯಿಲ್ಲ ಅಂದಮೇಲೆ ಅವಳು ಅದನ್ನು ಸೊಕ್ಕು ಎಂದು ತೀರ್ಮಾನಿಸಿದಳು. ಸೊಕ್ಕೂ ಅಲ್ಲ. ಅದು ಶಿಕಾರಿಪುರದಿಂದ ಹಿಡಿದುಕೊಂಡು ಬಂದದ್ದು.

ತೊಂಬತ್ತರ ದಶಕದಲ್ಲಿ ನಾನು ಮಾರ್ಮನ್ ಎಂಬ ಕ್ರೈಸ್ತ ಪಂಥದ ಮಿಷನರಿಯಾಗಿದ್ದೆ. ಬೆಂಗಳೂರಿನ ಹುಡುಗ, ಇಪ್ಪತ್ತರ ಆಸುಪಾಸು. ಬಿಳಿ ಅಂಗಿ, ಟೈ, ಎದೆಯ ಮೇಲೊಂದು ಕಪ್ಪು ಬಿಲ್ಲೆ. ಬಿಲ್ಲೆಯ ಮೇಲೆ ಮನೆತನದ ಹೆಸರಷ್ಟೇ ಇರುತ್ತಿತ್ತು. ಸೇವೆ ಮುಗಿಯುವವರೆಗೆ ನಮ್ಮ ಸ್ವಂತ ಹೆಸರನ್ನು ಯಾರೂ ಕರೆಯುವ ಪದ್ಧತಿಯಿಲ್ಲ. ಜೊತೆಗಾರನನ್ನು ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. ಚಹಾ, ಕಾಫಿ ಮುಟ್ಟುವಂತಿಲ್ಲ. ಗಂಡಸರಿಲ್ಲದ ಮನೆಯ ಹೊಸ್ತಿಲು ದಾಟುವಂತಿಲ್ಲ. ನನ್ನ ಜೊತೆಗಾರ ಕೊಯಮತ್ತೂರಿನವನು, ನನಗಿಂತ ಸ್ವಲ್ಪ ದೊಡ್ಡವನು, ನಿಯಮವೆಂದರೆ ಅವನಿಗೆ ಪ್ರಾಣ. ಕನ್ನಡದಲ್ಲಿ ಅವನಿಗೆ ಬರುತ್ತಿದ್ದುದು ‘ಬೇಡ’ ಮತ್ತು ‘ಸಾಕು’. ಊಟಕ್ಕೆ ಕೂತಾಗ ಎರಡನ್ನೂ ಮರೆಯುತ್ತಿದ್ದ.

ಶಿಕಾರಿಪುರಕ್ಕೆ ವರ್ಗವಾಗಿ ಬಂದಿದ್ದ ನಮ್ಮ ಚರ್ಚಿನ ಸಭೆಯ ಒಂದೇ ಒಂದು ಕುಟುಂಬಕ್ಕಾಗಿ ನಮ್ಮನ್ನು ಕೆಲವು ತಿಂಗಳು ಅಲ್ಲಿಗೆ ಕಳಿಸಿದ್ದರು. ಕೇಳದವರಿಗೆ ಬೋಧನೆ ಮಾಡಬೇಡಿ, ಕಷ್ಟದಲ್ಲಿದ್ದವರಿಗೆ ಕೈಲಾದ ಕೆಲಸ ಮಾಡಿಕೊಡಿ ಎಂದಿದ್ದರು. ಹಾಗಾಗಿ ಸೈಕಲ್ ತುಳಿದುಕೊಂಡು ಈಸೂರಿನ ಕಡೆ, ಸೊರಬದ ರಸ್ತೆಯ ಕಡೆ ಹೋಗುವುದು, ಯಾರದೋ ಗೋಡೆಗೆ ಮಣ್ಣು ಮೆತ್ತುವುದು, ಯಾರದೋ ಬಣವೆಗೆ ಹುಲ್ಲು ಎತ್ತಿಕೊಡುವುದು. ಟೈ ಕಟ್ಟಿಕೊಂಡು ಸಗಣಿ ಬಾಚುವವರನ್ನು ಆ ಜನ ಎಲ್ಲಿ ನೋಡಿರಬೇಕು? ಕೆಲವರು ನಮ್ಮನ್ನು ವಿಮೆಯವರು ಅಂದುಕೊಂಡರು, ಉಳಿದವರು ಹುಚ್ಚರು ಅಂದುಕೊಂಡರು.

ಅದು ‘ನಾಳೆ ಬಾ’ ಹಾವಳಿಯ ಕಾಲ. ಕತ್ತಲಾಗುತ್ತಲೇ ಒಂದು ಹೆಣ್ಣು ದೆವ್ವ ಬಂದು ಮನೆಯವರ ದನಿಯಲ್ಲೇ ಹೆಸರು ಕೂಗುತ್ತದೆ, ಓಗೊಟ್ಟು ಬಾಗಿಲು ತೆಗೆದವರು ಉಳಿಯುವುದಿಲ್ಲ, ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರೆ ಓದಿಕೊಂಡು ವಾಪಸು ಹೋಗುತ್ತದೆ ಎಂದು ಸುದ್ದಿ. ಕನ್ನಡ ಓದಬಲ್ಲ ದೆವ್ವ. ನನ್ನ ಜೊತೆಗಾರನಿಗಿಂತ ವಾಸಿ. ನಗುತ್ತಿದ್ದವನು ನಾನೊಬ್ಬನೇ. ಮುಸ್ಸಂಜೆಯಾದರೆ ತಾಯಂದಿರು ಆಡಲು ಹೋದ ಮಕ್ಕಳನ್ನು ಹೆಸರು ಹಿಡಿದು ಕೂಗುವುದನ್ನೇ ಬಿಟ್ಟಿದ್ದರು. ಸುಮ್ಮನೆ ಹೋಗಿ ಕೈ ಹಿಡಿದು ಎಳೆದುಕೊಂಡು ಬರುತ್ತಿದ್ದರು.

ಸೊರಬದ ರಸ್ತೆಯ ಒಂದು ಹಳ್ಳಿಯಲ್ಲಿ ಕುರಿ ಸಾಕುವವರ ಮನೆಯೊಂದಿತ್ತು. ಗೊಬ್ಬರಕ್ಕಾಗಿ ಗದ್ದೆಗಳಲ್ಲಿ ಮಂದೆ ನಿಲ್ಲಿಸಲು ಯಜಮಾನ ಉಳವಿಯ ಕಡೆ ಹೋಗಿದ್ದ. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಹಿತ್ತಲ ಗೋಡೆ ಕುಸಿದಿತ್ತು. ನಾವು ಮಣ್ಣು ತುಳಿಯುತ್ತಿದ್ದಾಗ ಅತ್ತೆ ಸೀಮೆಸುಣ್ಣದ ತುಂಡು ಹಿಡಿದು ಬಂದಳು.

“ಓದಿದ ಹುಡುಗ ಇದ್ದೀಯಪ್ಪ, ಬಾಗಿಲಿಗೆ ಅದೊಂದು ಬರದು ಕೊಡು. ಊರಿಗೆಲ್ಲ ಐತೆ, ನಮಗಿಲ್ಲ.”

ಬರೆದೆ. ಏನು ಬರೆದೆ ಎಂದು ಜೊತೆಗಾರ ಕೇಳಿದ. ‘ಸ್ವಾಗತ’ ಎಂದೆ. ಅವನು ಮೆಚ್ಚಿ ತಲೆಯಾಡಿಸಿದ.

ಮರುದಿನ ಅಕ್ಷರ ಇರಲಿಲ್ಲ. ಅತ್ತೆ ಊರ ಹುಡುಗರಿಗೆ ಹಿಡಿಶಾಪ ಹಾಕಿದಳು, ನಾನು ಒತ್ತಿ ಒತ್ತಿ ಮತ್ತೆ ಬರೆದೆ. ಅದರ ಮರುದಿನವೂ ಇಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ ಗುರುತು ಮಾತ್ರ. ಅತ್ತೆ ನೀರಿಗೆ ಹೋದ ಹೊತ್ತು ನೋಡಿ ಸೊಸೆ ಬಾಗಿಲಿಗೆ ಬಂದಳು.

“ಬರೀಬ್ಯಾಡ್ರಿ ಅಣ್ಣಾ. ಒರೆಸೋಳು ನಾನೇ.”

“ಯಾಕಮ್ಮಾ?”

“ನಂದೊಂದು ಕೂಸು ಹೋಗೈತ್ರಿ. ಅದು ಬಂದ್ರೆ ಬಾಗಿಲಾಗೆ ಇದನ್ನ ನೋಡಿ ತಿರುಗಿ ಹೋಗ್ತೈತೆ. ಅದು ಬರೋದಾದ್ರೆ ಇವತ್ತೇ ಬರ್ಲಿ.”

ಹಸುಗೂಸಿಗೆ ಓದು ಬರುತ್ತದೆಯೇ ಎನ್ನುವ ಜಾಣತನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವಳ ಹಿಂದೆ, ಒಳಗಿನ ತೊಲೆಗೆ ಸೀರೆಯ ಜೋಲಿ ಇನ್ನೂ ಕಟ್ಟಿಯೇ ಇತ್ತು.

ಗಂಡುಕೂಸು. ಹೆಸರಿಡುವ ದಿನ ಗೊತ್ತುಮಾಡಿದ್ದರಂತೆ, ಅಷ್ಟರಲ್ಲಿ ಜ್ವರ ಬಂದು ತೀರಿಕೊಂಡಿತು. ಆ ಕಡೆ ಹೆಸರಿಡುವುದೆಂದರೆ ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಉಸುರುತ್ತಾಳೆ, ಸುತ್ತ ನಿಂತ ಹೆಂಗಸರು ನಗಾಡುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಗುದ್ದು ಬಿದ್ದ ಮೇಲೆಯೇ ಹೆಸರು ಹೆಸರಾಗುವುದು. ಈ ಕೂಸಿಗೆ ಅದಾಗಲಿಲ್ಲ. ಹೆಸರಿಲ್ಲದೆಯೇ ಹೊಲದ ಬದುವಿನಲ್ಲಿ ಹೂತು ಬಂದರು. ಇನ್ನು ಹೆಸರಿನ ಮಾತೆತ್ತಬೇಡ, ಹೆಸರಿಟ್ಟರೆ ಕೂಸು ಅದಕ್ಕೇ ಜೋತುಬಿದ್ದು ಮನೆ ಸುತ್ತುತ್ತದೆ ಎಂದು ಅತ್ತೆ ಕಟ್ಟಪ್ಪಣೆ ಮಾಡಿದ್ದಳು.

“ನೀವು ದೇವರ ಕೆಲಸದೋರಂತೆ. ಸತ್ತೋರು ಮತ್ತೆ ಸಿಗ್ತಾರೇನ್ರಿ?”

ಕೇಳಿದಳಲ್ಲ, ಹೇಳಿದೆ. ಮನೆಮಂದಿಯೆಲ್ಲ ಮತ್ತೆ ಒಂದಾಗುತ್ತಾರೆ, ಕೂಸುಗಳಿಗೆ ಪಾಪವೇ ಇಲ್ಲ, ಅವು ನೇರ ದೇವರ ಮಡಿಲಿಗೆ ಹೋಗುತ್ತವೆ ಎಂದು ಪಾಠ ಒಪ್ಪಿಸುವವನ ಹಾಗೆ ಹೇಳಿ ಮುಗಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಅಲ್ಲಿ ಎಲ್ಲಾರ ಕೂಸೂ ಇರ್ತಾವಲ್ರಿ. ನಂದನ್ನ ನಾನು ಏನಂತ ಕರೀಲಿ? ನೀವೇ ಒಂದು ಹೆಸರು ಇಡ್ರಿ.”

ಜೊತೆಗಾರನಿಗೆ ಇಂಗ್ಲಿಷಿನಲ್ಲಿ ವಿವರಿಸಿದೆ. ನಮ್ಮ ಸಭೆಯಲ್ಲಿ ಕೂಸುಗಳಿಗೆ ಹೆಸರಿಟ್ಟು ಹರಸುವ ಕ್ರಮವಿದೆ, ಆದರೆ ಬದುಕಿರುವವಕ್ಕೆ. ಅವನ ಕಣ್ಣು ತುಂಬಿಕೊಂಡಿತು, ಆದರೂ ತಲೆ ಅಡ್ಡಡ್ಡ ಆಡಿಸಿದ. ನಮಗೆ ಆ ಅಧಿಕಾರವಿಲ್ಲ, ಅವಳ ಮಗು ದೇವರಿಗೆ ಗೊತ್ತಿದೆ ಎಂದು ಹೇಳು ಎಂದ. ಹೇಳಿದೆ.

“ದೇವರಿಗೆ ಗೊತ್ತಿದ್ರೆ ಏನು ಬಂತ್ರಿ? ಕರೆಯೋಳು ನಾನಲ್ಲೇನು?”

ನನಗೆ ಸಿಟ್ಟು ಬಂತು. ಜೊತೆಗಾರನ ಮೇಲೋ, ಅವಳ ಅತ್ತೆಯ ಮೇಲೋ, ಪಾಠ ಒಪ್ಪಿಸಿದ ನನ್ನ ಮೇಲೋ ತಿಳಿಯಲಿಲ್ಲ. ಅವಳೇ ಮತ್ತೆ ಬಾಯಿಬಿಟ್ಟಳು.

“ಹೋಗ್ಲಿ, ನಿಮ್ಮ ಹೆಸರೇನ್ರಿ?”

ಎದೆಯ ಬಿಲ್ಲೆ ತೋರಿಸಿ ಓದಿ ಹೇಳಿದೆ.

“ಅದಲ್ರಿ. ಮನ್ಯಾಗೆ ನಿಮ್ಮವ್ವ ಏನಂತ ಕರೀತಾಳೆ?”

ಹೇಳಿದೆ. ಬಹಳ ದಿನದಿಂದ ನನ್ನ ಬಾಯಲ್ಲೂ ಬಂದಿರದ ಹೆಸರು. ಹೊರಗೆ ಬಿದ್ದಾಗ ಬೇರೆ ಯಾರದೋ ಅನ್ನಿಸಿತು.

ಅವಳು ಒಳಗೆ ಹೋಗಿ ಜೋಲಿಗೆ ಬಗ್ಗಿದಳು. ತುಟಿ ಅಲುಗಿದ್ದು ಕಂಡಿತು. ನಾವಿಬ್ಬರೂ ಹೊಸ್ತಿಲಾಚೆ ಜಗಲಿಯ ಮೇಲೆಯೇ ನಿಂತಿದ್ದೆವು. ಹೆಸರು ಹೇಳಿ ಆದರೂ ಅವಳು ಏಳಲಿಲ್ಲ, ಬಗ್ಗಿಯೇ ಇದ್ದಳು. ಅವಳು ಯಾತಕ್ಕೆ ಕಾಯುತ್ತಿದ್ದಾಳೆಂದು ಆಗ ಹೊಳೆಯಿತು. ಗುದ್ದಬೇಕಾದ ಹೆಂಗಸರು ಇರಲಿಲ್ಲ.

ಅತ್ತೆ ಯಾವಾಗ ಬಂದಿದ್ದಳೋ, ನಮ್ಮ ಬೆನ್ನ ಹಿಂದೆ ಕೊಡ ಹೊತ್ತು ನಿಂತಿದ್ದಳು. ಕೊಡ ಇಳಿಸಿ ನಮ್ಮನ್ನು ಸರಿಸಿಕೊಂಡು ಒಳಗೆ ನುಗ್ಗಿದಳು. ಜುಟ್ಟು ಹಿಡಿದು ಎಳೆಯುತ್ತಾಳೆ ಎಂದೇ ನಾನು ಅಂದುಕೊಂಡೆ. ಅವಳು ಸೊಸೆಯ ಹಿಂದೆ ಹೋಗಿ ನಿಂತಳು. ಆಮೇಲೆ ಮುಷ್ಟಿ ಕಟ್ಟಿ ಅವಳ ಬೆನ್ನಿಗೆ ಒಂದು ಗುದ್ದು ಹಾಕಿದಳು. ಮೆತ್ತಗಲ್ಲ, ನಿಜವಾದ ಗುದ್ದೇ.

“ಆತು, ಏಳು ಇನ್ನ” ಎಂದಳು. ಹಾಗೇ ಗೋಡೆಗೆ ಒರಗಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸೆರಗಿನೊಳಗಿನಿಂದಲೇ ನನಗೆ ಹೇಳಿದಳು, “ಆ ಸುಣ್ಣದ ತುಂಡು ಬಿಸಾಕಪ್ಪ ತಮ್ಮ.”

ಸಂಜೆ ಸೈಕಲ್ ಹತ್ತಿ ಊರು ದಾಟುತ್ತಿದ್ದೆವು. ಎರಡೂ ಕಡೆ ಬಾಗಿಲುಗಳು ಮುಚ್ಚಿದ್ದವು, ಎಲ್ಲದರ ಮೇಲೂ ಅದೇ ಬರಹ. ಆಗ ಹಿಂದಿನಿಂದ ಯಾರೋ ನನ್ನ ಹೆಸರು ಕೂಗಿದರು. ಮೈಯೆಲ್ಲ ಮುಳ್ಳಾಯಿತು. ಆ ಸೊಸೆಯ ದನಿ. ಬ್ರೇಕ್ ಹಿಡಿದು ಬಾಯಿ ತೆರೆದೇಬಿಟ್ಟಿದ್ದೆ, ಜೊತೆಗಾರ ಭುಜದ ಮೇಲೆ ಕೈಯಿಟ್ಟು ನಿನ್ನನ್ನಲ್ಲ ಎಂದ. ಆಟಕ್ಕೆ ಹೋದ ಮಗನನ್ನು ಉಣ್ಣಲು ಕರೆಯುವ ಹಾಗೆ ಅವಳು ಇನ್ನೊಮ್ಮೆ, ಉದ್ದಕ್ಕೆ ಎಳೆದು ಕೂಗಿದಳು. ನಾವು ಪೆಡಲು ತುಳಿದೆವು.

ಸ್ವಲ್ಪ ದಿನದಲ್ಲೇ ನಮ್ಮನ್ನು ಬೇರೆ ಊರಿಗೆ ಹಾಕಿದರು. ಅವಳಿಗೆ ಮತ್ತೆ ಮಕ್ಕಳಾದವೋ ಇಲ್ಲವೋ ತಿಳಿಯದು. ಸೇವೆ ಮುಗಿಸಿ ಮನೆಗೆ ಬಂದ ದಿನ ಅವ್ವ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದಾಗ ನಾನು ತಿರುಗಿ ಬೀದಿ ನೋಡಿದೆನಂತೆ, ಹಿಂದೆ ಯಾರಾದರೂ ಬರುತ್ತಿದ್ದಾರೇನೋ ಎಂಬಂತೆ.

ಈಗಲೂ ಅಡುಗೆಮನೆಯಿಂದ ಹೆಂಡತಿ ಕೂಗಿದರೆ ಮೊದಲ ಕರೆಯನ್ನು ನನ್ನ ಹೆಸರಿನ ಆ ಹುಡುಗನಿಗೆ ಬಿಡುತ್ತೇನೆ. ಒಂದಿಷ್ಟು ಹೊತ್ತು ಕಾಯುತ್ತೇನೆ. ಅವನು ಬರದಿದ್ದರೆ ಎರಡನೆಯದಕ್ಕೆ ನಾನು ಏಳುತ್ತೇನೆ.