ನಾಲ್ಕು ಕುಂಡಗಳ ತಪಾಸಣೆ

ಬೀದಿಯವರೆಲ್ಲ ಅವರನ್ನು ಚೆಕಿಂಗ್ ಮಾವ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಮೂವತ್ತೊಂದು ವರ್ಷ ಸಿಟಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದ ಆಸಾಮಿ. ಸೀಟಿಗೊರಗಿ ಕಣ್ಣು ಮುಚ್ಚಿದವನ ರೆಪ್ಪೆ ಅದುರುವುದನ್ನು ಕಂಡೇ ಇವನು ಟಿಕೆಟ್ ತೆಗೆದುಕೊಂಡಿಲ್ಲ ಎಂದು ಹೇಳಬಲ್ಲವರು. ಕೆಲಸದಿಂದ ನಿವೃತ್ತರಾಗಿ ಐದು ವರ್ಷವಾಗಿದ್ದರೂ ಅವರ ಅನುಮಾನಕ್ಕೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ. ಹಾಲಿನ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡುವರು. ಪಕ್ಕದ ಮನೆಯವರು ನಕ್ಕು ಮಾತಾಡಿಸಿದರೆ ಇವತ್ತೇನಪ್ಪಾ ವಿಶೇಷ ಎಂದು ಅರ್ಧ ದಿನ ತಲೆ ಕೆಡಿಸಿಕೊಳ್ಳುವರು. ಅವರ ಪಟ್ಟಿಯಿಂದ ಹೊರಗೆ ಉಳಿದಿದ್ದವಳು ಹೆಂಡತಿ ಒಬ್ಬಳೇ. ಕುಂಡ ತರಲು ಹೋದ ದಿನ ಅವಳೂ ಸೇರಿದಳು.

ಮುಂದಿನ ಕೋಣೆಯ ಕಿಟಕಿಯಲ್ಲಿ ಆಕೆಯ ನಾಲ್ಕು ಗಿಡಗಳಿದ್ದವು, ನಾಲ್ಕೂ ಒಂದೇ ಅಳತೆಯ ಕರಿ ಪ್ಲಾಸ್ಟಿಕ್ ಕುಂಡಗಳಲ್ಲಿ. ಆ ಪ್ಲಾಸ್ಟಿಕ್ಕನ್ನು ಹಾಗೆಯೇ ಒಳಗಿಳಿಸಿ ಇಡಲು ಚಂದದ ಪಿಂಗಾಣಿ ಕುಂಡ ಬೇಕೆಂದು ಹಟ ಹಿಡಿದಿದ್ದಳು. ಅಂಗಡಿಯಲ್ಲಿ ನಾಲ್ಕರ ಒಂದು ಬಿಳಿ ಸೆಟ್ ಇತ್ತು, ಕೈಜಾರುವಷ್ಟು ನುಣುಪು. ಮಾವ ಬೆರಳ ಗೆಣ್ಣಿನಿಂದ ತಟ್ಟಿದರು, ಬಿರುಕಿನ ಸದ್ದಿಲ್ಲ. ಅಂಚು ಸವರಿದರು, ಚಕ್ಕೆ ಹಾರಿಲ್ಲ. ನೆಲದ ಮೇಲಿಟ್ಟು ಅಲ್ಲಾಡಿಸಿದರು, ಕುಂಟುವುದಿಲ್ಲ. ತಪ್ಪು ಸಿಗದ ಸಾಮಾನು ಕಂಡರೆ ಅವರಿಗೆ ಒಳಗೇ ಸಂಕಟ, ಆದರೂ ಒಲ್ಲದ ಮನಸ್ಸಿನಿಂದ ಒಪ್ಪಿದರು.

ಹೆಂಡತಿ ಒಪ್ಪಲಿಲ್ಲ. ಮೂಲೆಯ ಕಪಾಟಿನ ಮುಂದೆ ನಿಂತು, ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕನ್ನು ಆರಿಸಿದಳು. ಒಂದರ ಮೈತುಂಬ ಉಬ್ಬು ಚುಕ್ಕಿ, ಇನ್ನೊಂದಕ್ಕೆ ಉದ್ದುದ್ದ ಗೀರು, ಮತ್ತೊಂದು ಬುಟ್ಟಿ ಹೆಣೆದ ಹಾಗೆ, ಕೊನೆಯದು ಮರಳು ಮೆತ್ತಿದಂತೆ ಬರೀ ಒರಟು. ಬಣ್ಣ ಯಾವುದಾದರೂ ನಡೆಯುತ್ತದೆ ಎಂದಳು. ಒಂದು ಪರದೆಯ ಬಣ್ಣಕ್ಕಾಗಿ ಗಂಡನನ್ನು ಏಳು ಅಂಗಡಿ ಅಲೆಸಿದ ಹೆಂಗಸು ಆಡುವ ಮಾತೇ ಇದು? ಅಂಗಡಿಯವಳು ಹತ್ತಿರ ಬಂದು ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದಳು. ಮೆಟ್ಟಿಲಿಳಿಯುವಾಗ ಎಷ್ಟೋ ದಿನದ ಬಳಕೆಯವಳಂತೆ ಆಕೆಯ ಮೊಣಕೈ ಹಿಡಿದುಕೊಂಡಳು. ಇವರಿಬ್ಬರದೂ ಏನೋ ಒಳವ್ಯವಹಾರ ಇದೆ ಎಂದು ಮಾವ ಅಲ್ಲೇ ತೀರ್ಮಾನಿಸಿದರು.

ಮನೆಗೆ ಬಂದ ಮೇಲೆ ಹಳೆಯದೆಲ್ಲ ಒಂದೊಂದೇ ನೆನಪಾಯಿತು. ಪತ್ರಿಕೆ ಓದುವುದನ್ನು ಈಕೆ ಬಿಟ್ಟು ತಿಂಗಳುಗಳಾಗಿದ್ದವು, ಕೇಳಿದರೆ ಅದರಲ್ಲೇನಿದೆ ಮಣ್ಣು ಎನ್ನುತ್ತಿದ್ದಳು. ತಂಗಿಯ ಕಾಗದ ಬಂದರೂ ನೀವೇ ಓದಿ ಎಂದು ಮುಂದಕ್ಕೆ ತಳ್ಳುತ್ತಿದ್ದಳು. ಮಾತಾಡುವಾಗ ನೋಟ ಇವರ ಮುಖದ ಮೇಲೆ ನಿಲ್ಲದೆ ಕಿವಿಯ ಪಕ್ಕಕ್ಕೆ ಹೋಗುತ್ತಿತ್ತು. ನೇರ ನೋಡದವರನ್ನು ಮಾವ ಬಸ್ಸಿನಲ್ಲಿ ಸಾವಿರಗಟ್ಟಲೆ ಹಿಡಿದಿದ್ದರು. ಈಕೆ ಏನನ್ನೋ ಮುಚ್ಚಿಡುತ್ತಿದ್ದಾಳೆ. ಎಲ್ಲಿ? ಪ್ಲಾಸ್ಟಿಕ್ಕಿಗೂ ಪಿಂಗಾಣಿಗೂ ನಡುವೆ ಒಂದು ಬೆರಳಿನಷ್ಟು ಜಾಗ ಇರುತ್ತದಲ್ಲ!

ಆಕೆ ಸ್ನಾನಕ್ಕೆ ಹೋದಾಗ ನಾಲ್ಕು ಗಿಡಗಳನ್ನೂ ಹೊರಗೆತ್ತಿ ಒಳಗೆ ಕೈಯಾಡಿಸಿದರು. ಒಂದಿಷ್ಟು ಬೆಣಚುಕಲ್ಲು, ತಳದಲ್ಲಿ ಹನಿ ನೀರು, ಅಷ್ಟೇ. ವಾಪಸಿಡುವಾಗ ಹಳೆಯ ಉಪಾಯವೊಂದು ಹೊಳೆಯಿತು. ಚುಕ್ಕಿಯ ಕುಂಡದಲ್ಲಿದ್ದ ಜರಿಗಿಡವನ್ನು ಒರಟು ಕುಂಡಕ್ಕೂ, ಒರಟಿನಲ್ಲಿದ್ದ ಕಳ್ಳಿಯನ್ನು ಚುಕ್ಕಿಯದಕ್ಕೂ ಇಳಿಸಿದರು. ಯಾರೋ ಮುಟ್ಟಿದ್ದಾರೆಂದು ತಿಳಿದರೆ ಅಪರಾಧಿ ಗಾಬರಿಯಾಗುತ್ತಾನೆ, ಗಾಬರಿಯಲ್ಲಿ ಸಿಕ್ಕಿಬೀಳುತ್ತಾನೆ.

ಹೆಂಡತಿ ಗಾಬರಿಯಾಗಲಿಲ್ಲ. ಒಂದು ದಿನ, ಎರಡು ದಿನ, ಹತ್ತು ದಿನ ಕಳೆದರೂ ತುಟಿ ಪಿಟಕ್ಕೆನ್ನಲಿಲ್ಲ. ಅಡುಗೆಮನೆಯಲ್ಲಿ ಚಮಚ ಜಾಗ ಬದಲಾಯಿಸಿದರೆ ಮನೆ ಮೇಲೆ ಕೆಳಗೆ ಮಾಡುವವಳು ಇಷ್ಟು ದೊಡ್ಡ ಅದಲುಬದಲನ್ನು ನುಂಗಿಕೊಂಡಿದ್ದಾಳೆಂದರೆ ಭಾರೀ ಕಳ್ಳಿಯೇ ಇರಬೇಕು. ಮಾವನಿಗೆ ಊಟ ರುಚಿಸಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಬಾಗಿಲ ಸಂದಿಯಿಂದ ನೋಡುತ್ತ ನಿಂತರು. ಆಕೆ ಚೊಂಬು ಹಿಡಿದು ಬಂದು, ಕುಂಡಗಳ ಮೈಯನ್ನು ಒಂದೊಂದಾಗಿ ಸವರಿದಳು. ಚುಕ್ಕಿ ಸಿಕ್ಕ ಕೂಡಲೇ ತುಂಬ ನೀರೆರೆದಳು. ಅಲ್ಲಿದ್ದ ಕಳ್ಳಿ ಆಗಲೇ ಬುಡದಲ್ಲಿ ಕೊಳೆತು ಒಂದು ಕಡೆಗೆ ವಾಲಿತ್ತು. ಒರಟು ಕುಂಡ ಮುಟ್ಟಿ ಹಾಗೆಯೇ ಮುಂದೆ ಹೋದಳು. ಅದರಲ್ಲಿ ಜರಿಗಿಡ ಒಣಗಿ ಗರಿಗರಿಯಾಗಿತ್ತು. ತನ್ನ ಮೇಲಿನ ಸಿಟ್ಟನ್ನು ಗಿಡದ ಮೇಲೆ ತೀರಿಸುತ್ತಿದ್ದಾಳೆ ಎಂದುಕೊಂಡರು ಮಾವ. ಅಷ್ಟರಲ್ಲಿ ಆಕೆ ಜರಿಯ ಹಣ್ಣೆಲೆ ಕೀಳಲೆಂದು ಚುಕ್ಕಿಯ ಕುಂಡದ ಮೇಲೆ ಕೈಯಿಟ್ಟಳು.

ಮುಳ್ಳು ನಾಟಿತು. ಆಕೆ ಕೈ ಹಿಂದಕ್ಕೆಳೆದುಕೊಂಡು, ಮತ್ತೆ ಕುಂಡದ ಚುಕ್ಕಿಗಳನ್ನು ನಿಧಾನವಾಗಿ ತಡವಿದಳು, ಇನ್ನೊಮ್ಮೆ ತಡವಿದಳು.

"ಇನ್ನು ಕೈಯೂ ಸುಳ್ಳು ಹೇಳೋಕೆ ಶುರು ಮಾಡ್ತಾ?" ಎಂದು ತನ್ನಷ್ಟಕ್ಕೆ ಕೇಳಿಕೊಂಡಳು.

ಮಾವ ಬಾಗಿಲ ಸಂದಿಯಿಂದ ಹೊರಬಂದರು. ಹತ್ತಿರ ಹೋಗಿ, ಗಿಡಗಳನ್ನು ಬದಲಾಯಿಸಿದ್ದು ತಾನೇ ಎಂದು ಒಪ್ಪಿಕೊಂಡರು. ಕೈ ಸುಳ್ಳು ಹೇಳಿಲ್ಲ ಎಂದು ತಿಳಿದದ್ದೇ ಆಕೆಗೆ ಹೋದ ಜೀವ ಬಂದಂತಾಯಿತು, ಯಾಕೆ ಬದಲಾಯಿಸಿದಿರಿ ಎಂದು ಕೇಳಲೂ ಇಲ್ಲ. ಮುಳ್ಳು ಕೀಳುತ್ತ ಎಲ್ಲ ಹೇಳಿದಳು. ಎಂಟು ತಿಂಗಳಿಂದ ಎರಡೂ ಕಣ್ಣಿನಲ್ಲಿ ನೋಟದ ನಡುಭಾಗ ಹೋಗಿದೆ, ಅಂಚು ಮಾತ್ರ ಉಳಿದಿದೆ, ಹೋದದ್ದು ಬರುವುದಿಲ್ಲ ಎಂದಿದ್ದಾರೆ ಡಾಕ್ಟರು. ಗಿಡಗಳೆಲ್ಲ ಒಂದೇ ಹಸಿರು ಮುದ್ದೆ. ಯಾವುದಕ್ಕೆ ದಿನಾ ನೀರು, ಯಾವುದಕ್ಕೆ ತಿಂಗಳಿಗೊಮ್ಮೆ ಎಂದು ಕೈಗೆ ಗೊತ್ತಾಗುವ ಕುಂಡ ಬೇಕೆಂದು ಅಂಗಡಿಯವಳಿಗೆ ಮೊದಲೇ ಹೇಳಿ ಬಂದಿದ್ದಳಂತೆ.

ಅಂಗಡಿಯವಳಿಗೆ ಹೇಳಿದ್ದನ್ನು ನನಗೇಕೆ ಹೇಳಲಿಲ್ಲ ಎಂದು ಕೇಳಲು ಮಾವನ ಬಾಯಿಗೆ ಬಂದಿತ್ತು. ನಾಲಿಗೆಗಿಂತ ಮೊದಲು ಕೈ ಎದ್ದಿತು. ಎರಡು ಬೆರಳು ಎತ್ತಿ ಹೆಂಡತಿಯ ಮುಖದ ಮುಂದೆ, ಸದ್ದಿಲ್ಲದೆ, ಅತ್ತಿತ್ತ ಆಡಿಸಿದರು.

"ಕೈ ಇಳಿಸ್ರಿ," ಎಂದಳು ಆಕೆ. "ಅದು ಅಲ್ಲಾಡೋದು ಗೊತ್ತಾಗುತ್ತೆ. ಇದಕ್ಕೇ ನಾನು ಹೇಳ್ಲಿಲ್ಲ."

ಮಾವ ಕೈ ಇಳಿಸಿದರು. ಆ ಎರಡು ಬೆರಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವರಿಗೆ ತಿಳಿಯಲಿಲ್ಲ.