ಮಂಡಕ್ಕಿ ಇಳಿದಿದ್ದನ್ನು ನಾನು ನೋಡಿದೆ

ನಾಯಿ ತಪ್ಪಿಸಿಕೊಂಡು ಹೋಗಲಿಲ್ಲ. ಅದು ಗಾಡಿಯಿಂದ ಇಳಿದಿದ್ದನ್ನು ನಾನು ಕಣ್ಣಾರೆ ನೋಡಿದೆ. ನೋಡಿಯೂ ಕೂಗಲಿಲ್ಲ. ನಡೆದದ್ದು ಇಷ್ಟೇ.

ನಮ್ಮ ಓಣಿಯಲ್ಲಿ ಬೇರೆ ಬೇರೆ ಕಥೆ ಹುಟ್ಟಿವೆ. ಜಾತಿ ನಾಯಿ, ಯಾರೋ ಎತ್ತಿಕೊಂಡು ಹೋದರಂತೆ. ಗ್ರಹಚಾರವಂತೆ. ಗ್ರಹಗಳಿಗೇನು ಬೇರೆ ಕೆಲಸವಿಲ್ಲವೇ?

(ನಾನು ಹೇಳುತ್ತೇನೆ, ಮೊಮ್ಮಗಳು ಟೈಪ್ ಮಾಡುತ್ತಾಳೆ, ನಿಮಗೆ ಗೊತ್ತಿರುವುದೇ. ನನ್ನದು ನಾಲ್ಕನೇ ಕ್ಲಾಸಿನ ಅಕ್ಷರ. ಈ ವಾರದ ಅಂಕಣದ ಮೊದಲ ಸಾಲಿಗೇ ಅವಳ ಬೆರಳು ನಿಂತುಬಿಟ್ಟಿತು. "ಅಜ್ಜಿ, ಇದನ್ನೂ ಹಾಕ್ಲಾ?" ಅಂದಳು. "ಅದನ್ನೇ ಮೊದ್ಲು ಹಾಕು" ಅಂದೆ.)

ಗಿರಿಜಾ ನನ್ನ ಕೊನೆಯ ತಂಗಿ. ಅವಳ ಗಂಡ ಬಸಣ್ಣ ಬಸ್ ಡ್ರೈವರ್ ಆಗಿದ್ದವನು. ಮೂವತ್ತು ವರ್ಷ ಓಡಿಸಿದ್ದು ಒಂದೇ ರೂಟು. ದಾವಣಗೆರೆಯಿಂದ ಹರಿಹರ, ಹರಿಹರದಿಂದ ದಾವಣಗೆರೆ. ಎಷ್ಟು ಸಾವಿರ ಸಲ ಹೊಳೆಯವರೆಗೆ ಹೋದನೋ, ಆ ಬಸ್ಸು ಒಂದು ಸಲವೂ ಸೇತುವೆ ದಾಟಲಿಲ್ಲ. ರಿಟೈರ್ ಆದ ದಿನ ಹಾರ ಕೊರಳಲ್ಲಿ ಇರುವಾಗಲೇ ಹೇಳಿದ, "ಅಕ್ಕಾರ, ಇನ್ನ ಸೇತುವೆ ಆಚೆ ಏನೈತೆ ನೋಡ್ಬೇಕು."

ನಾವೆಲ್ಲ ನಕ್ಕೆವು. ಅವನು ನಗಲಿಲ್ಲ.

ಕೆ.ಬಿ. ಬಡಾವಣೆಯ ಮನೆ ಮಾರಿದರು. ಹಳೆಯ ಸ್ಕೂಲ್ ವ್ಯಾನ್ ಒಂದನ್ನು ಕೊಂಡರು. ಕರೂರಿನಲ್ಲಿ ಗಾಡಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಎರಡು ತಿಂಗಳು ಬಿಟ್ಟರು. ಸೀಟು ಹೋಯಿತು, ಮಂಚ ಬಂತು. ಗ್ಯಾಸ್ ಒಲೆ ಬಂತು. ಮೇಲೆ ನೀರಿನ ಟ್ಯಾಂಕ್ ಬಂತು. ಹಳದಿ ಬಣ್ಣ ಮಾತ್ರ ಅಂಚಿನಲ್ಲಿ ಇನ್ನೂ ಇಣುಕುತ್ತದೆ. ವರ್ಷ ದಾಟಿತು, ಅವರಿಗೆ ಅದೇ ಮನೆ. ಬೇರೆ ಮನೆ ಇಲ್ಲ.

ಜೊತೆಗೆ ಎರಡು ನಾಯಿ. ಬೆಕ್ಕಿಗಿಂತ ಒಂದು ಗೇಣು ದೊಡ್ಡವು. ಬಿಳಿಯದಕ್ಕೆ ಮಂಡಕ್ಕಿ ಎಂದು ಹೆಸರು, ಕಂದು ಬಣ್ಣದ್ದಕ್ಕೆ ಮಿರ್ಚಿ. ದಾವಣಗೆರೆಯವರು ಇನ್ನೇನು ಹೆಸರಿಟ್ಟಾರು? "ಮಕ್ಕಳಿಲ್ಲ, ಅದಕ್ಕೇ ನಾಯಿ" ಎಂದು ಜನ ಪಿಸುಗುಟ್ಟುತ್ತಾರೆ. ಮಕ್ಕಳಿರುವ ಮನೆಯವರು ನಾಯಿ ಸಾಕುವುದಿಲ್ಲವೇ?

ಬಸಣ್ಣನಿಗೆ ಒಂದು ಚಟ ಉಳಿದಿದೆ. ಹಿಂದಿನಿಂದ "ರೈಟ್" ಬಾರದೆ ಗಾಡಿ ಬಿಡುವುದಿಲ್ಲ. ಗಿರಿಜಾ ಕಂಡಕ್ಟರ್ ಆಗಬೇಕು. ಮೊದಲು ನಾಯಿಗಳನ್ನು ಎಣಿಸಬೇಕು: ಒಂದು, ಎರಡು. ಆಮೇಲೆ ತಗಡಿಗೆ ಎರಡು ಬಡಿದು "ರೈಟ್ ರೈಟ್" ಅನ್ನಬೇಕು. ನಿಲ್ಲಿಸುವುದಿದ್ದರೆ "ಹೋಲ್ಡಾನ್!" ಆ ಮಾತು ಕಿವಿಗೆ ಬಿದ್ದರೆ ಸಾಕು, ಯಾಕೆ ಏನು ಕೇಳದೆ ಅವನ ಕಾಲು ಬ್ರೇಕಿನ ಮೇಲೆ ಹೋಗುತ್ತದೆ. ಮೂವತ್ತು ವರ್ಷದ ಕಾಲು ಅದು.

ಹೋದ ತಿಂಗಳು ಶಾಮನೂರಿಗೆ, ನಮ್ಮ ಮನೆಗೆ ಬಂದರು. ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಂಡು ಎಂಟು ದಿನ ಇದ್ದರು. ಪಕ್ಕದ ಮನೆಯ ಪಾರಕ್ಕ ಕಾಂಪೌಂಡಿನ ಮೇಲಿಂದ ಇಣುಕಿ, "ಎಂಥಾ ಬೀಗರ್ರೀ ನಿಮ್ಮೋರು! ಉಣ್ಣಾಕ ಬರ್ತಾ ಮನೀನೂ ಹೊತ್ಕೊಂಡು ಬಂದಾರ" ಅಂದಳು. ಗಿರಿಜಾ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ.

ಕೊನೆಯ ಸಂಜೆ ನಮ್ಮಿಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಅವಳು ರೊಟ್ಟಿ ಮುರಿದು ಮಂಡಕ್ಕಿಗೆ ಹಾಕುತ್ತಿದ್ದಳು.

"ಅರವತ್ತು ದಾಟೈತೆ ನಿಂಗೆ. ನಾಳೆ ದಾರ್ಯಾಗ ಬಿದ್ರೆ ಎತ್ತೋರು ಯಾರೇ?" ಅಂದೆ.

"ಯಾರು ಹತ್ರ ಇರ್ತಾರೋ ಅವ್ರು ಎತ್ತತಾರ ಬಿಡಕ್ಕ."

"ಹೆತ್ತೋರಲ್ಲ, ಹೊತ್ತೋರಲ್ಲ, ಯಾರೋ ಬಂದು ಎತ್ತತಾರ? ನಾಯಿ ಹಿಡ್ಕೊಂಡು ಊರೂರು ತಿರುಗೋದಕ್ಕ ಬಾಳೇವು ಅಂತಾರೇನು?"

"ಬ್ಯಾಡಾಗಿದ್ರೆ ಹೇಳು. ನಾಳೀನೇ ಹೊಂಟ್ವಿ."

"ಹಂಗಾರ ಹೋಗು."

ಅಂದುಬಿಟ್ಟೆ. ಇನ್ನೆಂಟು ದಿನ ಇರು ಅನ್ನುವುದಕ್ಕೆ ಬಾಯಿ ತೆರೆದವಳು ಹೋಗು ಅಂದೆ. ನಮ್ಮ ವಂಶದ ಬಾಯಿಯೇ ಹಾಗೆ.

ಬೆಳಗ್ಗೆ ಎದ್ದು ನಾಯಿಗಳಿಗೆ ಸ್ನಾನ ಮಾಡಿಸಿದರು. ಮಿರ್ಚಿಯ ಬೆಲ್ಟ್ ಬೇಗ ಒಣಗಿತು, ಕಟ್ಟಿದರು. ಮಂಡಕ್ಕಿಯ ನೀಲಿ ಬೆಲ್ಟ್ ಹಸಿ ಇತ್ತು. ತಂತಿಯ ಮೇಲೆ ಉಳಿಯಿತು. ಅದರ ತಗಡಿನ ಮೇಲೆ ಗಿರಿಜಾಳ ಫೋನ್ ನಂಬರ್ ಇತ್ತು.

ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟೆವು. ಗಾಡಿಯ ಮುಂದೆ ಬಸಣ್ಣ ಕಾಯಿ ಒಡೆದ. ಚೂರುಗಳು ಅಂಗಳದ ತುಂಬ ಚೆಲ್ಲಿದವು. ಗಿರಿಜಾ ನನ್ನ ಕಾಲಿಗೆ ನಮಸ್ಕಾರ ಮಾಡಲು ಇಳಿದು ಬಂದಳು. ಮುಖ ಮೇಲೆತ್ತಲಿಲ್ಲ. ಅವಳ ಹಿಂದೆಯೇ ಮಂಡಕ್ಕಿ ಇಳಿಯಿತು. ಅದಕ್ಕೆ ಕೊಬ್ಬರಿ ಎಂದರೆ ಪ್ರಾಣ. ಒಂದು ಚೂರು ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಉರುಳಿತ್ತು. ಅಲ್ಲಿಗೆ ಹೋಯಿತು.

ಗಿರಿಜಾ ಹತ್ತಿ ಬಾಗಿಲು ಎಳೆದುಕೊಂಡಳು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಎಣಿಸಲಿಲ್ಲ. ತಗಡಿಗೆ ಎರಡು ಬಡಿದಳು. "ರೈಟ್ ರೈಟ್."

ಗಾಡಿ ಹೊರಟಿತು. ನಾನು ನಾಯಿಯನ್ನು ನೋಡುತ್ತಾ ನಿಂತಿದ್ದೆ.

ಹೊರಟವರನ್ನು ಹಿಂದಿನಿಂದ ಕರೆಯಬಾರದು. ಇದು ನಿಮ್ಮ ಮನೆಯಲ್ಲೂ ಇರುವ ಶಾಸ್ತ್ರವೇ. ಎಲ್ಲಿಗೆ ಎಂದು ಕೇಳಬಾರದು, "ದೂರ ಹೊಂಟ್ರೇನು" ಅನ್ನಬೇಕು. ಹೋಗುತ್ತೇನೆ ಅನ್ನಬಾರದು, ಬರುತ್ತೇನೆ ಅನ್ನಬೇಕು. ನನ್ನ ಗಂಡ ಒಮ್ಮೆ ಹರಿಹರದ ಕೋರ್ಟಿಗೆ ಹೊರಟವರು ಕಾಗದ ಮರೆತಿದ್ದರು. ಇನ್ನೂ ಬೀದಿಯ ತುದಿಯಲ್ಲೇ ಇದ್ದರು. ಒಂದು ಕೂಗು ಸಾಕಿತ್ತು. ನಮ್ಮತ್ತೆ ಕೂಗಲು ಬಿಡಲಿಲ್ಲ. ತುಂಬು ಬಸುರಿ ನಾನು, ಹಿಂದಿನ ಓಣಿಯಿಂದ ಸುತ್ತುಹಾಕಿ ಓಡಿ, ಎದುರಿನಿಂದ ಬಂದು ಕಾಗದ ಕೊಟ್ಟೆ. ಅಂಥ ಮನೆಯಲ್ಲಿ ಬೆಳೆದ ಬಾಯಿ ಇದು.

ಆದರೆ ಶಾಸ್ತ್ರದ ಮೇಲೆ ಹಾಕಿ ತಪ್ಪಿಸಿಕೊಳ್ಳುವುದಿಲ್ಲ. ಶಾಸ್ತ್ರ ನೆನಪಾಗಿದ್ದು ಆಮೇಲೆ. ಮೊದಲು ಮನಸ್ಸಿಗೆ ಬಂದದ್ದು ಬೇರೆ. ನಾಯಿ ಇಲ್ಲಿ ಉಳಿದರೆ ಅವಳು ವಾಪಸ್ ಬರುತ್ತಾಳೆ. ಸಂಜೆಗೆ ಇಲ್ಲೇ ಇರುತ್ತಾಳೆ. ನಾನು ಕರೆಯದೆಯೇ ಬರುತ್ತಾಳೆ.

ಕಟ್ಟಿಹಾಕೋಣ ಎಂದು ಹಗ್ಗ ತರಲು ಒಳಗೆ ಹೋದೆ. ಹಗ್ಗ ಹುಡುಕಿ ಹೊರಗೆ ಬರುವಷ್ಟರಲ್ಲಿ ಕಲ್ಲಿನ ಹಿಂದೆ ಕೊಬ್ಬರಿ ಮಾತ್ರ ಇತ್ತು. ಗೇಟು ತೆರೆದೇ ಇತ್ತು. ಗಾಡಿ ಹೋದ ಮೇಲೆ ಗೇಟು ಹಾಕಬೇಕು ಎನ್ನುವುದೂ ನನಗೆ ತೋಚಿರಲಿಲ್ಲ.

ಒಂಬತ್ತಕ್ಕೆ ಹರಿಹರದಿಂದ ಫೋನ್ ಬಂತು.

"ಅಕ್ಕಾ, ಮಂಡಕ್ಕಿ ಅಲ್ಲೇ ಉಳಿದೈತೇನು?"

"ಇಲ್ಲಿಲ್ಲ."

"ಇಳಿದಿದ್ದು ನೋಡಿದೇನು?"

"ಇಲ್ಲ. ನಾ ನೋಡಿಲ್ಲ."

ಮೊದಲನೆಯ ಮಾತು ನಿಜ. ಎರಡನೆಯದು ಸುಳ್ಳು. ನೋಡಿದೆ ಎಂದರೆ, ಯಾಕೆ ಕೂಗಲಿಲ್ಲ ಎಂದು ಕೇಳುತ್ತಾಳೆ. ಇಲ್ಲೇ ಎಲ್ಲೋ ಇರುತ್ತದೆ, ಹುಡುಕಿ ಕಟ್ಟಿಹಾಕಿ, ಆಮೇಲೆ "ಇಲ್ಲೇ ಐತೆ ಬಾ" ಅಂದರಾಯಿತು ಎಂದುಕೊಂಡೆ. ಸುಳ್ಳು ಹೇಳುವವರೆಲ್ಲ ಹೀಗೆಯೇ ಅಲ್ಲವೇ ಅಂದುಕೊಳ್ಳುವುದು? ಒಂದು ಗಂಟೆಯ ಮಟ್ಟಿಗೆ ಮಾತ್ರ ಎಂದು.

ಹರಿಹರ ಮುಟ್ಟುತ್ತಲೇ ಅವರು ಪೆಟ್ರೋಲ್ ಬಂಕಿನಲ್ಲಿ ಬಾಗಿಲು ತೆಗೆದಿದ್ದರಂತೆ. ನಾನು ನೋಡಿಲ್ಲ ಅಂದ ಮೇಲೆ, ಅಲ್ಲಿಯೇ ಜಿಗಿದಿರಬೇಕು ಎಂದುಕೊಂಡರು. ಗಂಡ ಹೆಂಡತಿ ಇಬ್ಬರೂ ಹರಿಹರ ಹುಡುಕಲು ಶುರುಮಾಡಿದರು. ಬಂಕಿನ ಸುತ್ತ. ದೇವಸ್ಥಾನದ ಬೀದಿ. ಹೊಳೆಯ ದಂಡೆ. ಸೇತುವೆಯ ಕೆಳಗೆ. ಮೊಬೈಲಿನಲ್ಲಿ ಫೋಟೋ ತೋರಿಸುತ್ತಾ, ಬಟ್ಟೆ ಒಗೆಯುವವರನ್ನೂ ಮೀನು ಹಿಡಿಯುವವರನ್ನೂ ಕೇಳುತ್ತಾ.

ನಾನು ಶಾಮನೂರಿನ ಓಣಿ ಓಣಿ ಸುತ್ತಿದೆ. ಹೊಸ ಲೇಔಟಿನ ಖಾಲಿ ಸೈಟುಗಳಲ್ಲಿ ಪೊದೆ ಪೊದೆ ಬಗ್ಗಿ ನೋಡಿದೆ. ಹೆದರಿದ ನಾಯಿ ಅಡಗಿಕೊಳ್ಳುತ್ತದೆ ಎಂದು ನನ್ನ ಲೆಕ್ಕ. ಗೇಣುದ್ದದ ಕಾಲು ಇಟ್ಟುಕೊಂಡು ಅದು ದೊಡ್ಡ ರಸ್ತೆಯವರೆಗೆ ಗಾಡಿಯ ಹಿಂದೆ ಓಡಿರಬಹುದು ಎಂದು ತಲೆಗೆ ಹೊಳೆಯಲಿಲ್ಲ. ಹೊಳೆದಾಗ ಮಧ್ಯಾಹ್ನ ಒಂದು ದಾಟಿತ್ತು.

ದೊಡ್ಡ ರಸ್ತೆಗೆ ಸೇರುವ ತಿರುವಿನಲ್ಲಿ ರಫೀಕನ ಪಂಚರ್ ಅಂಗಡಿ ಇದೆ. ಟಯರುಗಳ ನೆರಳಿನಲ್ಲಿ ಗೋಣಿಚೀಲ ಹಾಸಿತ್ತು. ಅದರ ಮೇಲೆ ಮಂಡಕ್ಕಿ.

"ನಿಮ್ದಾ ಅಮ್ಮಾ ಇದು?" ಅಂದ.

"ನಮ್ದು."

"ಬೆಳಿಗ್ಗೆ ಒಂದು ವ್ಯಾನ್ ಹಿಂದೆ ಓಡ್ತಾ ಬಂತು. ಬೈಕಿಗೆ ಸಿಕ್ತು. ಅವ್ನು ನಿಲ್ಲಿಸ್ಲೇ ಇಲ್ಲ, ಹೋದ. ನಾನೇ ಎತ್ತಿ ನೆಳ್ಳಿಗೆ ಹಾಕ್ದೆ. ಒಂದಿಷ್ಟು ನೀರು ಕುಡೀತು. ಕೊರಳಾಗೆ ಬೆಲ್ಟಿಲ್ಲ, ನಂಬರಿಲ್ಲ, ಯಾರಿಗಂತ ಹೇಳ್ಲಿ? ಹನ್ನೆರಡರ ತನ್ಕ ಜೀವ ಹಿಡ್ಕೊಂಡಿತ್ತಮ್ಮ. ಗಾಡಿ ಸದ್ದಾದ್ರೆ ಸಾಕು, ತಲೆ ಎತ್ತೋದು."

ಒಂಬತ್ತಕ್ಕೆ ನಾನು ಹೌದು ಅಂದಿದ್ದರೆ ಒಂಬತ್ತೂವರೆಗೆ ಅವರು ಈ ತಿರುವಿನಲ್ಲಿ ಇರುತ್ತಿದ್ದರು. ದನದ ಆಸ್ಪತ್ರೆ ಏನು ದೂರವೇ? ಬದುಕುತ್ತಿತ್ತೋ ಇಲ್ಲವೋ, ಅದನ್ನು ನಾನು ಹೇಳಲಾರೆ. ತಲೆ ಎತ್ತಿದಾಗ ಕಾಣುವುದಕ್ಕೆ ಅವರಾದರೂ ಎದುರಿಗೆ ಇರುತ್ತಿದ್ದರು.

ರಫೀಕ ಅಂಗಡಿಯ ಹಿಂದೆ ಹಾರೆಯಿಂದ ಗುಂಡಿ ತೋಡಿಕೊಟ್ಟ. ನಾನೇ ಎತ್ತಿ ಇಟ್ಟೆ. ತೂಕವೇ ಇರಲಿಲ್ಲ. ಮಣ್ಣು ಮುಚ್ಚಿ, ಮೇಲೆ ಒಂದು ಕಲ್ಲು ಇಟ್ಟು ಬಂದೆ. ಮನೆಗೆ ಬಂದು ತಂತಿಯ ಮೇಲಿನ ನೀಲಿ ಬೆಲ್ಟ್ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಯಾರಿಗೂ ಹೇಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಗಾಡಿ ವಾಪಸ್ ಬಂತು. ನನಗೆ ಬೇಕಾಗಿದ್ದು ಇದೇ ಅಲ್ಲವೇ? ಬಂದರು. ಅಂಗಳದಲ್ಲಿ ನಿಂತರು.

ಮಿರ್ಚಿ ಇಳಿದು ನೇರ ಒಗೆಯುವ ಕಲ್ಲಿನ ಹತ್ತಿರ ಹೋಯಿತು. ಮೂಸಿತು. ಅಲ್ಲೇ ಮಲಗಿತು. ನಾನು ಬೇರೆ ಕಡೆ ನೋಡಿದೆ.

ಬಸಣ್ಣ ಕಾಲು ತೊಳೆದುಕೊಂಡವನು ಚೊಂಬು ಹಿಡಿದೇ ನಿಂತಿದ್ದ. "ಬಂಕ್‌ನಾಗ ಬಾಗಿಲು ತೆಗ್ದೋನು ನಾನೇ ಅಕ್ಕಾರ. ಮೂವತ್ತು ವರ್ಷದಾಗ ಒಂದು ಪ್ಯಾಸೆಂಜರ್ ಬಿಟ್ಟು ಬಂದೋನಲ್ಲ."

"ಎಣಿಸದಂಗ ರೈಟ್ ಅಂದೋಳು ನಾನು" ಅಂದಳು ಗಿರಿಜಾ. "ಕೊರಳಾಗ ಬೆಲ್ಟೂ ಇಲ್ಲಕ್ಕ. ತಂತಿ ಮ್ಯಾಲ ಹಾಕಿದ್ದು ಅಲ್ಲೂ ಇಲ್ಲ, ಎಲ್ಲಿ ಬಿದ್ದೋಯ್ತೋ. ಸಿಕ್ಕೋರು ಯಾರಿಗೆ ಫೋನ್ ಮಾಡ್ಬೇಕು?"

ಬೆಲ್ಟ್ ನನ್ನ ಸೊಂಟದಲ್ಲಿತ್ತು. "ಬಸಣ್ಣ, ಉಣ್ಣಾಕ ಬರ್ರಿ" ಅಂದೆ.

ಇಬ್ಬರೂ ಅರ್ಧ ರೊಟ್ಟಿಯೂ ತಿನ್ನಲಿಲ್ಲ. ತಪ್ಪನ್ನು ನಾನು ಹೊತ್ತೆ ನಾನು ಹೊತ್ತೆ ಎಂದು ಹಂಚಿಕೊಳ್ಳುತ್ತಾ ಕೂತಿದ್ದರು. ನನಗೆ ಒಂದು ಚೂರೂ ಬಿಡಲಿಲ್ಲ. ಎಲ್ಲವೂ ನನ್ನದೇ ಆಗಿತ್ತು, ಬಡಿಸುತ್ತಿದ್ದವಳು ನಾನೇ.

ಆಮೇಲೆ ಗಿರಿಜಾ ಹೇಳಿದಳು, "ನಾವು ಎಲ್ಲೂ ಹೋಗಲ್ಲಕ್ಕ. ಹರಿಹರದ ಹೊಳಿ ದಂಡಿ ಮ್ಯಾಲ ಗಾಡಿ ನಿಲ್ಲಿಸ್ಕೊಂಡು ಇರ್ತೀವಿ. ಅದಕ್ಕ ನಮ್ ಗಾಡಿ ವಾಸನೆ ಗೊತ್ತೈತೆ. ಬಂದೇ ಬರ್ತೈತೆ."

"ಎಷ್ಟು ದಿನ?"

"ಬರೋತನ."

ಮೂವತ್ತು ವರ್ಷ ಆ ದಂಡೆಯಿಂದ ಹಿಂದಿರುಗಿದ ಮನುಷ್ಯ. ಸೇತುವೆ ಆಚೆ ನೋಡಬೇಕೆಂದು ಮನೆ ಮಾರಿದವನು. ಈಗ ಮಣ್ಣಿನಲ್ಲಿರುವ ನಾಯಿಗಾಗಿ ಅದೇ ದಂಡೆಯಲ್ಲಿ ಕಾಯುತ್ತಾ ಕೂರುತ್ತಾನೆ. ಬಿಳಿ ನಾಯಿ ಕಂಡಾಗಲೆಲ್ಲ ಇಬ್ಬರೂ ಎದ್ದು ನಿಲ್ಲುತ್ತಾರೆ. ಹರಿಹರದಲ್ಲಿ ಬಿಳಿ ನಾಯಿಗಳಿಗೇನು ಬರವೇ?

ಆಗಲೇ ಹೇಳಬಹುದಿತ್ತು. ನಾವು ಹೆಂಗಸರು, ಅದರಲ್ಲೂ ವಯಸ್ಸಾದವರು, ಮಾತಿನಲ್ಲಿ ಜೋರು ಎಂದು ಹೆಸರಾಗಿದ್ದೇವೆ. ಬೇರೆಯವರ ತಪ್ಪು ಹೇಳುವಾಗ ಮಾತ್ರ ಆ ಜೋರು. ಉಳಿದಿದ್ದಕ್ಕೆಲ್ಲ ಒಂದೊಂದು ಶಾಸ್ತ್ರ ಇಟ್ಟುಕೊಂಡಿದ್ದೇವೆ: ಹೊರಟಾಗ ಹೇಳಬಾರದು, ಉಣ್ಣುವಾಗ ಹೇಳಬಾರದು, ದೀಪ ಹಚ್ಚಿದ ಮೇಲೆ ಹೇಳಬಾರದು. ಹಾಗಾದರೆ ಹೇಳುವುದು ಯಾವಾಗ?

ಮರುದಿನ ಬೆಳಗ್ಗೆ ನಿಂಬೆಹಣ್ಣು ಇಡಲಿಲ್ಲ. ಕಾಯಿ ಒಡೆಯಲಿಲ್ಲ. ಗಿರಿಜಾ ಮಿರ್ಚಿಯನ್ನು ಎತ್ತಿಕೊಂಡು ಹತ್ತಿದಳು. ಎಣಿಸಿದಳು, ನನಗೆ ಕೇಳಿಸಿತು. "ಒಂದು." ಅಷ್ಟಕ್ಕೇ ನಿಂತಳು. ತಗಡಿಗೆ ಎರಡು ಬಡಿದಳು.

ಗಾಡಿ ಗೇಟು ದಾಟಿತು. ಸೊಂಟದಿಂದ ನೀಲಿ ಬೆಲ್ಟ್ ಕಿತ್ತು ಕೈಯಲ್ಲಿ ಹಿಡಿದು, ಬೀದಿಯ ನಡುವೆ ನಿಂತು, ಹುಟ್ಟಿದಾಗಿನಿಂದ ಯಾರನ್ನೂ ಹಿಂದಿನಿಂದ ಕರೆಯದ ನಾನು ಊರಿಗೆಲ್ಲ ಕೇಳುವಂತೆ ಕೂಗಿದೆ:

"ಹೋಲ್ಡಾನ್!"