ಅಟ್ಟದ ಮೇಲಿನ ಗಡಿಗೆ

ಆ ದಿನಗಳಲ್ಲಿ ನಮ್ಮ ಮನೆಗೆ ಶ್ರಾವಣ ಬಂದದ್ದು ಪಂಚಾಂಗದಿಂದ ತಿಳಿಯುತ್ತಿರಲಿಲ್ಲ, ಗಡಿಗೆ ಅಟ್ಟ ಏರಿದಾಗ ತಿಳಿಯುತ್ತಿತ್ತು. ಬಾಡು ಬೇಯಿಸುವ ಮಣ್ಣಿನ ಗಡಿಗೆ ಅದು. ಮೈಯೆಲ್ಲ ಕಪ್ಪು, ಅಂಚಿನಲ್ಲಿ ಒಂದು ಚೂರು ಒಡೆದಿತ್ತು. ಅವ್ವ ಅದನ್ನು ಬೂದಿಯಲ್ಲಿ ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ, ಹಳೆ ಸೀರೆಯ ತುಂಡಿನಲ್ಲಿ ಕಟ್ಟಿ ಬೋರಲು ಇಡಿಸುತ್ತಿದ್ದಳು. ನಮ್ಮ ಕಡೆ ಅವ್ವ ಎಂದರೆ ಅಜ್ಜಿ, ಹೆತ್ತವಳು ಅಮ್ಮ. ಶ್ರಾವಣ ಎಂದರೆ ಉರುಕುಂದಿಯ ಈರಣ್ಣ ದೇವರ ತಿಂಗಳು, ಅದು ಮುಗಿಯುವ ತನಕ ಮನೆಯಲ್ಲಿ ಬಾಡಿನ ಹೆಸರೂ ಎತ್ತುವಂತಿರಲಿಲ್ಲ. ಮುಗಿದ ಮೇಲೆ ಗಡಿಗೆ ಇಳಿಸುವ ಹಕ್ಕು ಮನೆಯ ಎಲ್ಲರಿಗಿಂತ ಸಣ್ಣವರದು. ಅವರು ಇಳಿಸುವ ತನಕ ಬೇರೆ ಯಾರೂ ಮುಟ್ಟುವಂತಿಲ್ಲ. ಯಾವ ಶಾಸ್ತ್ರದಲ್ಲಿ ಹೀಗಿದೆ ಎಂದು ಕೇಳಬೇಡಿ, ಇದು ಅವ್ವನ ಶಾಸ್ತ್ರ.

ಎಲ್ಲರಿಗಿಂತ ಸಣ್ಣವಳು ನಾನು. ಆಗ ನಾಲ್ಕನೆಯ ಕ್ಲಾಸು.

ಆಂಧ್ರದ ಆದೋನಿಯಿಂದ ಉರುಕುಂದಿಗೆ ಹೋಗುವ ದಾರಿಯಲ್ಲಿ ನಮ್ಮೂರು. ನಮ್ಮದು ಕುರಿ ಸಾಕುವ ಮನೆ. ಆ ವರ್ಷ ಶ್ರಾವಣ ಮುಗಿದ ಮರುದಿನ ಅಪ್ಪ ಏಣಿ ತಂದು ಅಟ್ಟಕ್ಕೆ ಆನಿಸಿದ. ಅಮ್ಮ ಮಸಾಲೆ ಅರೆದಿಟ್ಟಿದ್ದಳು. ಒಣಕೊಬ್ಬರಿ, ಗಸಗಸೆ, ಬೆಳ್ಳುಳ್ಳಿಯ ವಾಸನೆ ಬೀದಿಗೆ ಹೋಗಿ ಆಟದಲ್ಲಿದ್ದ ಅಣ್ಣನನ್ನು ಎಳೆದುಕೊಂಡು ಬಂದಿತ್ತು.

"ಈರಮ್ಮ, ಹತ್ತು. ಗಡಗಿ ಇಳಸು," ಎಂದ ಅಪ್ಪ.

"ನಾ ಇಳಸಂಗಿಲ್ಲ. ನನಗ ಬಾಡು ಬ್ಯಾಡ. ಇನ್ನ ಮ್ಯಾಲ ತಿನ್ನಂಗಿಲ್ಲ."

ಅಮ್ಮನಿಗೆ ಸಿಟ್ಟು ನೆತ್ತಿಗೇರಿತು. "ತಿನ್ನದಿದ್ರ ಬಿಡು! ಇಳಸಾಕ ಏನ್ ಧಾಡಿ ನಿನಗ?"

"ಬ್ಯಾಡ ಅಂದ್ರ ಬ್ಯಾಡ. ವದ್ದಂಟೇ ವದ್ದು!"

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಎರಡು ಭಾಷೆ ಬಲ್ಲ ಮಕ್ಕಳ ಹಟವೂ ಎರಡು ಪಟ್ಟು.

ಈ ಕಥೆ ಹೇಳಿದಾಗಲೆಲ್ಲ ಜನ ಮುಂದೆ ಒಂದು ಮುದ್ದಿನ ಕುರಿಮರಿ ಬರುತ್ತದೆ ಎಂದು ಕಾಯುತ್ತಾರೆ. ಅದನ್ನು ನಾನು ಬಾಟಲಿ ಹಾಲು ಕುಡಿಸಿ ಬೆಳೆಸಿದೆ, ಒಂದು ದಿನ ಅದನ್ನು ಕಡಿದರು, ನಾನು ಅತ್ತೆ, ಹೀಗೆಲ್ಲ. ಹಾಗೇನೂ ಆಗಲಿಲ್ಲ. ಒಂದು ತಿಂಗಳು ಬಿಟ್ಟಿದ್ದೆ, ಮತ್ತೆ ಬೇಕು ಅನ್ನಿಸಲಿಲ್ಲ. ಇಷ್ಟೇ. ಹತ್ತು ವರ್ಷದ ಹುಡುಗಿಗೆ ಬೇಡ ಎನ್ನಲು ಕಾರಣ ಬೇಕು ಎಂದು ಎಲ್ಲರೂ ಹಟ ಹಿಡಿದರು. ಕಾರಣ ಕೊಡುವುದಿಲ್ಲ ಎಂದು ನಾನೂ ಹಿಡಿದೆ.

ಅಂದು ಆ ಮಸಾಲೆಗೆ ಅಮ್ಮ ಬದನೆಕಾಯಿ ಹಾಕಿದಳು. ಅಣ್ಣ ತಾಟು ನೂಕಿ ಎದ್ದುಹೋದ. ಎರಡು ದಿನ ಬಿಟ್ಟು ಮಧ್ಯಾಹ್ನ ಯಾರೂ ಇಲ್ಲದಾಗ ಅವನೇ ಏಣಿ ಹತ್ತಿದ. ಅರ್ಧಕ್ಕೆ ಹೋಗುವಷ್ಟರಲ್ಲಿ ಅವ್ವನ ಕೋಲು ಅವನ ಹಿಮ್ಮಡಿಗೆ ಬಿತ್ತು.

"ಆಕಿ ಇಳಸಲಿ. ಅಲ್ಲೀತನ ಸುಮ್ಕಿರು."

"ಇವಳೊಬ್ಬಳ ಸಲುವಾಗಿ ಮನಿ ಮಂದೆಲ್ಲ ಸೊಪ್ಪು ತಿನ್ನಬೇಕೇನವ್ವ?"

"ತಿನ್ನು. ಸಾಯಂಗಿಲ್ಲ."

ಅವ್ವ ನನ್ನ ಪರ ಎಂದುಕೊಂಡು ನಾನು ಬೀಗಿದೆ. ಅದು ಸುಳ್ಳು. ಅವ್ವ ಗಡಿಗೆಯ ಪರ ಇದ್ದಳು. ಅದು ಇಳಿಯಬೇಕು, ನನ್ನ ಕೈಯಿಂದಲೇ ಇಳಿಯಬೇಕು, ಅಷ್ಟೇ ಅವಳ ಲೆಕ್ಕ.

ಆಗ ನಾನು ಒಂದು ಪೆದ್ದು ಕೆಲಸ ಮಾಡಿದೆ. ನಮ್ಮ ಮನೆಯಲ್ಲಿ ಬಾಡು ಎಂದರೆ ಜೊತೆಗೆ ಜೋಳದ ರೊಟ್ಟಿ, ಅವೆರಡೂ ಗಂಡ ಹೆಂಡಿರಂತೆ. ಬಾಡು ಬಿಟ್ಟ ಮೇಲೆ ರೊಟ್ಟಿಯನ್ನೂ ಬಿಡಬೇಕು ಎಂದು ನಾನೇ ತೀರ್ಮಾನಿಸಿದೆ. ಉಳ್ಳಾಗಡ್ಡಿ ಬಿಟ್ಟೆ, ಬೆಳ್ಳುಳ್ಳಿ ಬಿಟ್ಟೆ, ರೊಟ್ಟಿಗೆ ನಂಚಿಕೊಳ್ಳುವ ಖಾರದ ಹಿಂಡಿಯನ್ನೂ ಬಿಟ್ಟೆ. ಬಿಳಿ ಅನ್ನಕ್ಕೆ ಹುಣಸೆ ಹುಳಿಯ ತಿಳಿಸಾರು ಸುರಿದುಕೊಂಡು ಮೂರು ಹೊತ್ತೂ ಅದನ್ನೇ ಉಂಡೆ. ಬಾಡು ತಿನ್ನದ ದೊಡ್ಡ ಮನೆಯವರು ಹೀಗೇ ಉಣ್ಣುತ್ತಾರೆ ಎಂದು ನನ್ನ ಕಲ್ಪನೆ. ವಾರ ಕಳೆಯುವುದರೊಳಗೆ ಕುಂಟಬಿಲ್ಲೆ ಆಡುತ್ತಿದ್ದವಳಿಗೆ ಕಣ್ಣು ಕತ್ತಲಿಟ್ಟಿತು. ಒಂಟಿ ಕಾಲಿನಲ್ಲಿ ನಿಂತವಳು ಹಾಗೇ ಮಣ್ಣಿಗೆ ಕೂತೆ.

"ನೋಡ್ದೇನು? ಬಾಡು ಬಿಟ್ರ ಹಿಂಗ ಆಗೋದು," ಎಂದು ಅಮ್ಮ ಗೆದ್ದವಳ ಹಾಗೆ ಹೇಳಿದಳು.

ಅವ್ವ ಸಂಜೆ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದಳು. ಬದುವಿನ ಮೇಲೆ ಹಕ್ಕರಕಿ ಸೊಪ್ಪು ಹರಡಿತ್ತು. ಬಿತ್ತದೆ, ಕೇಳದೆ ಬರುವ ಸೊಪ್ಪು ಅದು. ಕಿತ್ತು, ಮಣ್ಣು ಕೊಡವಿ, ಸೆರಗಿನಲ್ಲಿ ಒರೆಸಿ ನನ್ನ ಬಾಯಿಗಿಟ್ಟಳು. ಒಂದಿಷ್ಟು ಕಹಿ, ಒಂದಿಷ್ಟು ಖಾರ, ಬಾಯಿ ತುಂಬ ನೀರು.

"ಹಟ ಮಾಡೋದಾದ್ರ ಹೊಟ್ಟಿ ತುಂಬ ಉಂಡು ಹಟ ಮಾಡು. ಹಸದವರ ಹಟ ಬಾಳ ದಿನ ನಡೆಯಂಗಿಲ್ಲ," ಎಂದಳು.

"ಬಾಡು ಬಿಟ್ರ ಶಕ್ತಿ ಇರಂಗಿಲ್ಲ ಅಂತಾಳ ಅಮ್ಮ."

"ನಿಮ್ಮಮ್ಮಗ ಏನ್ ಗೊತ್ತು? ನಿಮ್ಮಜ್ಜ ಕುರಿ ಹಿಂದ ತಿಂಗಳಾನುಗಟ್ಟಲೆ ಅಡವ್ಯಾಗ ಇರತಿದ್ದ. ಏನ್ ತಿಂತಿದ್ದ? ರೊಟ್ಟಿ, ಶೇಂಗಾ ಹಿಂಡಿ, ಕುರಿ ಹಾಲು, ದಾರ್ಯಾಗ ಸಿಕ್ಕ ಸೊಪ್ಪು. ಕುರಿ ಕಾಯೋರು ದಿನಾ ಕುರಿ ತಿಂದ್ರ ಕಾಯಾಕ ಏನ್ ಉಳಿತೈತಿ?"

ನನ್ನ ಹೆಮ್ಮೆ ಅರ್ಧ ಇಳಿಯಿತು. ನಾನೇನೋ ಹೊಸದು ಮಾಡಿದೆ ಎಂದುಕೊಂಡಿದ್ದೆ. ನಮ್ಮಜ್ಜ ಹೆಸರೇ ಇಡದೆ ಅದನ್ನು ಮಾಡಿಕೊಂಡು ಬಂದಿದ್ದ.

ಮರುದಿನದಿಂದ ನನ್ನ ತಾಟು ಅವ್ವನ ಕೈಗೆ ಹೋಯಿತು. ತಾಟಿನಲ್ಲಿ ಒಂದು ಕಾಳು, ಒಂದು ಸೊಪ್ಪು, ಒಂದು ಹಿಂಡಿ, ಕೊನೆಗೆ ಮಜ್ಜಿಗೆ ಇರಲೇಬೇಕು, ಆಗಲೇ ರೊಟ್ಟಿಗೆ ಊಟದ ಹೆಸರು. ಬೆಳಿಗ್ಗೆ ಬಿಸಿ ರೊಟ್ಟಿಗೆ ಗುರೆಳ್ಳು ಪುಡಿ, ಮೇಲೆ ಹಸಿ ಎಣ್ಣೆ. ಮಧ್ಯಾಹ್ನ ಅಲಸಂದಿ ಕಾಳಿನ ಪಲ್ಯ, ಇಲ್ಲವೆ ಮೊಳಕೆ ಬಂದ ಹೆಸರು. ಪುಂಡಿಪಲ್ಯ ಎಂಬ ಹುಳಿ ಸೊಪ್ಪನ್ನು ತೊಗರಿಬೇಳೆ ಹಾಕಿ ಕಡೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಳೆಂದರೆ ಬೆರಳೂ ಉಳಿಯುತ್ತಿರಲಿಲ್ಲ. ರಾತ್ರಿ ನವಣೆ ಅನ್ನಕ್ಕೆ ಹುರುಳಿ ಕಟ್ಟಿನ ಸಾರು. ಕುಂಟಬಿಲ್ಲೆಯಲ್ಲಿ ನನ್ನನ್ನು ಸೋಲಿಸುವವರು ಇಲ್ಲವಾದರು. ಅಣ್ಣ ಕೂಡ ಸದ್ದಿಲ್ಲದೆ ನನ್ನ ತಾಟಿಗೆ ಕೈ ಹಾಕತೊಡಗಿದ.

"ನೀ ಗೆದ್ದಿ ಅಂತ ತಿಳ್ಕೋಬ್ಯಾಡ," ಎಂದಳು ಅವ್ವ. "ಗಡಗಿ ಇನ್ನ ಮ್ಯಾಲೇ ಐತಿ."

ಮಜ್ಜಿಗೆಗೆ ನಾನು ಹೋಗುತ್ತಿದ್ದದ್ದು ಮುಂದಿನ ಓಣಿಯ ನೀಲಮ್ಮನವರ ಮನೆಗೆ. ಹತ್ತಿ ವ್ಯಾಪಾರದ ದೊಡ್ಡ ಮನೆ, ಶಿವಪೂಜೆ ಆಗದೆ ನೀರು ಮುಟ್ಟದವರು. ಒಳ್ಳೆಯ ಹೆಂಗಸು. ನಾನು ಕಟ್ಟೆಯ ಕೆಳಗೆ ತಂಬಿಗೆ ಹಿಡಿದು ನಿಲ್ಲಬೇಕು, ಅವರು ಮೇಲಿನಿಂದ ಸುರಿಯಬೇಕು. ಒಂದು ಹನಿ ಚೆಲ್ಲದಂತೆ ಹಿಡಿಯುವುದನ್ನು ನಾನು ನಡೆಯಲು ಕಲಿತಷ್ಟೇ ಸಹಜವಾಗಿ ಕಲಿತಿದ್ದೆ. ಅದರಲ್ಲಿ ಅವಮಾನ ಇದೆ ಎಂದು ಆ ದಿನದವರೆಗೂ ನನಗೆ ಹೊಳೆದಿರಲಿಲ್ಲ.

ಆ ದಿನ ಅವರು ಸುರಿಯಲಿಲ್ಲ. ಮುಖ ಅರಳಿಸಿ, "ಬಾಡು ಬಿಟ್ಟಿಯಂತಲ್ಲ ಈರಮ್ಮ? ಬಾಳ ಚಲೋ ಆತು. ನೀ ಈಗ ನಮ್ಮಂಗ ಶುದ್ಧ ಆದಿ. ಒಳಗ ಬಾ, ಅಡಿಗಿ ಮನ್ಯಾಗ ಕುಂತು ಹೋಳಿಗಿ ತಿನ್ನುವಂತಿ," ಎಂದರು.

ಒಳಗಿನಿಂದ ತುಪ್ಪದ ವಾಸನೆ ಬರುತ್ತಿತ್ತು. ಆ ಅಡುಗೆಮನೆಯನ್ನು ನಾನು ಬಾಗಿಲಿನಿಂದಲೂ ನೋಡಿರಲಿಲ್ಲ. ಒಂದು ಕಾಲು ಮೆಟ್ಟಿಲ ಮೇಲಿಟ್ಟೆ. ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ 'ಶುದ್ಧ' ಎಂಬ ಮಾತಿಗೆ ಇನ್ನೊಂದು ಕಾಲು ಕೆಳಗೇ ಉಳಿಯಿತು. ಇವತ್ತು ನಾನು ಶುದ್ಧ ಎಂದರೆ, ನಿನ್ನೆ? ನನಗೆ ತುತ್ತು ಮಾಡಿ ಉಣ್ಣಿಸಿದ ಕೈ?

"ನಮ್ಮ ಅವ್ವನೂ ಒಳಗ ಬರಬಹುದೇನ್ರಿ?" ಎಂದು ಕೇಳಿದೆ.

ನೀಲಮ್ಮನವರು ನಕ್ಕರು. ಆಮೇಲೆ ನಗೆ ನಿಂತಿತು. "ಆಕಿ ಹೆಂಗ ಬರ್ತಾಳವ್ವ? ಆಕಿ ತಿಂತಾಳಲ್ಲ," ಎಂದರು.

"ಹಂಗಾದ್ರ ನಾನೂ ಬರಂಗಿಲ್ಲ್ರಿ."

ಖಾಲಿ ತಂಬಿಗೆ ಹಿಡಿದು ಮನೆಗೆ ಓಡಿದೆ. ಏಣಿಯನ್ನು ನಾನೇ ಎಳೆದು ತಂದು ಆನಿಸಿ ಅಟ್ಟ ಹತ್ತಿದೆ. ಗಡಿಗೆ ಎದೆಗೆ ಅವಚಿಕೊಂಡು ಇಳಿಯುವಾಗ ಸೀರೆಯ ತುಂಡಿನಿಂದ ಬೂದಿ ಮತ್ತು ಹಳೆಯ ಹೊಗೆಯ ವಾಸನೆ ಬಂತು. ಅದು ಅವ್ವನ ಮೈಯ ವಾಸನೆಯೇ. ನನಗೆ ಅಳು ಬಂತು. ಸಿಟ್ಟಿನ ಅಳು.

"ಈಗ ಯಾಕ ಇಳಸಿದಿ?" ಎಂದಳು ಅವ್ವ.

"ನೀಲಮ್ಮನೋರು ಅಡಿಗಿ ಮನ್ಯಾಗ ಕರದ್ರು. ನಾ ಒಬ್ಬಾಕಿನ್ನ."

ಅವ್ವ ಗಡಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. "ತಿಂತೇನು ಮತ್ತ?"

"ತಿನ್ನಂಗಿಲ್ಲ. ಆದ್ರ ನೀವು ತಿನ್ನೋದು ಹೊಲಸಲ್ಲ."

ಆ ರಾತ್ರಿ ಅಣ್ಣನ ತಾಟಿನಲ್ಲಿ ಬಾಡು, ಪಕ್ಕದಲ್ಲೇ ನನ್ನ ತಾಟಿನಲ್ಲಿ ಅಲಸಂದಿ ಮತ್ತು ಹಕ್ಕರಕಿ. ಒಂದೇ ಸಾಲು, ಬಡಿಸಿದ್ದು ಒಂದೇ ಕೈ. ಅಂದಿನಿಂದ ನನ್ನನ್ನು ಯಾರೂ ಕಾರಣ ಕೇಳಲಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಅವ್ವ ನನಗೆ ಮೊದಲ ಅರ್ಧ ಕಲಿಸಿದಳು, ಎರಡನೆಯದು ಅವಳಿಗೂ ಬರುತ್ತಿರಲಿಲ್ಲ. ಈಗ ಅವಳಿಲ್ಲ. ಹತ್ತಿಗೆ ಕಳೆನಾಶಕ ಹೊಡೆದು ಹೊಡೆದು ಬದುವಿನ ಹಕ್ಕರಕಿಯೂ ಇಲ್ಲ. ಮೊನ್ನೆ ಹೊಸದಾಗಿ ಮಾಂಸ ಬಿಟ್ಟ ಗೆಳತಿಯೊಬ್ಬಳು ಯಾವುದೋ ಪ್ರೋಟೀನ್ ಪುಡಿಯ ಡಬ್ಬಿಯ ಫೋಟೋ ಕಳಿಸಿ, ಇದನ್ನು ಕುಡಿಯದೆ ಬದುಕಬಹುದೇ ಎಂದು ಕೇಳಿದಳು. ಅವ್ವನ ತಾಟನ್ನು ಹೇಳಿಕೊಟ್ಟೆ. ಕಾಳು, ಹಿಂಡಿ, ಮಜ್ಜಿಗೆ ಸರಿ, ಆದರೆ ಸೊಪ್ಪಿನ ಜಾಗಕ್ಕೆ ಬಂದಾಗ ತಡವರಿಸಿದೆ. ಪೇಟೆಯ ಪಾಲಕ್ ಸೊಪ್ಪಿಗೆ ಆ ಕಹಿ ಎಲ್ಲಿಂದ ಬರಬೇಕು? ಅಣ್ಣನ ಮನೆಯಲ್ಲಿ ಈಗ ವಾರವಾರವೂ ಕೋಳಿ, ಕುಕ್ಕರಿನಲ್ಲಿ. ಏರಿಸುವುದೇ ಇಲ್ಲದ ಮೇಲೆ ಇಳಿಸುವುದೇನು? ಗಡಿಗೆಯನ್ನು ನಾನೇ ತಂದಿಟ್ಟುಕೊಂಡೆ.

ಆದೋನಿಯಲ್ಲಿ ಬಾಡಿಗೆ ಮನೆ ಹಿಡಿದಾಗ ಮಾಲಕಿ ಮೊದಲು ಕೇಳಿದ್ದೇ, "ವೆಜ್ಜಾ, ನಾನ್‌ವೆಜ್ಜಾ?" ನಾನು ವೆಜ್ಜು ಎಂದೆ, ಬೀಗದ ಕೈ ಸಿಕ್ಕಿತು. ಕಳೆದ ಶ್ರಾವಣದಲ್ಲಿ ನಲ್ಲಿ ನೋಡಲು ಒಳಬಂದ ಮಾಲಕಿ ಅಟ್ಟದ ಮೇಲಿನ ಗಂಟು ಕಂಡು ಏನದು ಎಂದರು. ಬಾಡಿನ ಗಡಿಗೆ, ಅಣ್ಣ ಬಂದಾಗ ಅದರಲ್ಲೇ ಮಾಡಿ ಬಡಿಸುತ್ತೇನೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ.

"ವೆಜ್ ಅಂದಿದ್ರೆಲ್ಲ! ಮದ್ಲು ಅದನ್ನ ಇಳಸ್ರಿ ಮೇಡಂ."

"ಯಾರು ಹೇಳಿದ್ರೂ ಅದು ಇಳಿಯಂಗಿಲ್ಲ್ರಿ. ಶ್ರಾವಣ ಮುಗಿಲಿ, ನಾನ ಇಳಸ್ತೀನಿ. ಅದರ ಜೋಡಿ ನಾನೂ ಇಳಿತೀನಿ."

ಹಾಗೇ ಮಾಡಿದೆ. ಆಟೋದಲ್ಲಿ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಇನ್ನೊಂದು ಓಣಿಗೆ ಮನೆ ನೋಡಲು ಹೋದೆ. ಬಾಗಿಲು ತೆರೆದವರು ನನ್ನನ್ನೂ ಗಡಿಗೆಯನ್ನೂ ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ನಾನೇ ಕೇಳಿದೆ:

"ಅಟ್ಟ ಐತೇನ್ರಿ?"